'ಮಸ್ಟ್' ಅಂದರೆ ಬರೀ 'ಇರಬೇಕು' ಅಲ್ಲ: ತತ್ತ್ವಶಾಸ್ತ್ರದ ಇಂಗ್ಲಿಷಿಗೆ ಹೆದರಿದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು. ಡಿಗ್ರಿವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಧಾರವಾಡದಲ್ಲಿ ರೂಮು ಮಾಡಿಕೊಂಡು ಯುಪಿಎಸ್‌ಸಿಗೆ ತಯಾರಿ ನಡೆಸಿದ್ದೇನೆ. ಐಚ್ಛಿಕ ವಿಷಯ ತತ್ತ್ವಶಾಸ್ತ್ರ. ಇಂಗ್ಲಿಷ್ ಪೇಪರ್ ಓದಿದರೆ ಅರ್ಥವಾಗುತ್ತದೆ, ಆದರೆ ತತ್ತ್ವಶಾಸ್ತ್ರದ ಪುಸ್ತಕದ ಒಂದೊಂದು ಪುಟಕ್ಕೂ ಒಂದೊಂದು ಗಂಟೆ ಹಿಡಿಯುತ್ತದೆ. ಡಿಕ್ಷನರಿ ನೋಡಿದರೆ ಗೊಂದಲ ಇನ್ನೂ ಜಾಸ್ತಿ. ಮೊನ್ನೆ 'ಇಫ್ ದ ಪ್ರೆಮಿಸಸ್ ಆರ್ ಟ್ರೂ, ದ ಕನ್‌ಕ್ಲೂಷನ್ ಮಸ್ಟ್ ಬಿ ಟ್ರೂ' ಅನ್ನುವ ವಾಕ್ಯ ಬಂತು. 'ಆಧಾರಗಳು ನಿಜವಾದರೆ ತೀರ್ಮಾನ ನಿಜವಾಗಿರಬೇಕು' ಅಂತ ಬರೆದುಕೊಂಡೆ. ಮುಂದಿನ ಪುಟದಲ್ಲಿ 'ಬರೀ ಸಂಭವ ಇರುವ' ತೀರ್ಮಾನಗಳು ಬೇರೆಯೇ ಜಾತಿ ಅಂತಿದೆ. ವ್ಯತ್ಯಾಸವೇ ತಿಳಿಯಲಿಲ್ಲ. ಗೆಳತಿ 1000 ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡು ಅಂದಳು. ಕೋಚಿಂಗ್‌ನಲ್ಲಿ ಒಬ್ಬರು, ಇಂಗ್ಲಿಷಿನಲ್ಲಿ ಯೋಚನೆ ಮಾಡೋಕೆ ಬರದಿದ್ದರೆ ಫಿಲಾಸಫಿ ತಗೊಳ್ಳಬಾರದಿತ್ತು ಅಂದರು. ವಿಷಯ ಬದಲಿಸಲೇ? ಕನ್ನಡದಲ್ಲೇ ಬರೆಯಲೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವೇ ಎತ್ತಿ ಬರೆದ ಆ ವಾಕ್ಯವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ನಿಮಗೆ ಗೊತ್ತಿಲ್ಲದ ಪದ ಯಾವುದಿದೆ? 'ಪ್ರೆಮಿಸ್' ಒಂದು ಸ್ವಲ್ಪ ಹೊಸದಿರಬಹುದು, ಅದನ್ನೂ ನೀವು 'ಆಧಾರ' ಅಂತ ಸರಿಯಾಗಿಯೇ ಹಿಡಿದಿದ್ದೀರಿ. ನಿಮ್ಮನ್ನು ಬೀಳಿಸಿದ್ದು 'ಮಸ್ಟ್'. ಐದನೇ ಕ್ಲಾಸಿನಲ್ಲಿ ಕಲಿತ ಪದ. ಆ 1000 ಪದಗಳ ಪಟ್ಟಿಯಲ್ಲಿ ಅದು ಖಂಡಿತ ಇರುವುದಿಲ್ಲ.

22 ವರ್ಷ ತರ್ಕ ಮತ್ತು ತತ್ತ್ವಶಾಸ್ತ್ರ ಪಾಠ ಮಾಡಿದ್ದೇನೆ. ಅದರಲ್ಲಿ ಹೆಚ್ಚಿನ ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು. ದೊಡ್ಡ ದೊಡ್ಡ ಪದಗಳಿಂದ ಯಾರೂ ಫೇಲ್ ಆಗಿದ್ದನ್ನು ನಾನು ನೋಡಿಲ್ಲ. ಗೊತ್ತಿದೆ ಅಂದುಕೊಂಡ ಸಣ್ಣ ಪದಗಳೇ ಕೈಕೊಡುತ್ತವೆ.

ನಿಮ್ಮ 'ಮಸ್ಟ್' ಎಲ್ಲಿ ಜಾರಿತು ಅಂತ ಹೇಳುತ್ತೇನೆ. ಬಾಗಿಲಲ್ಲಿ ಚಪ್ಪಲಿ ಕಂಡರೆ ನಾವು 'ಅಪ್ಪ ಬಂದಿರಬೇಕು' ಅನ್ನುತ್ತೇವೆ. ಅದು ಊಹೆ. ಅಣ್ಣ ಅಪ್ಪನ ಚಪ್ಪಲಿ ಹಾಕಿಕೊಂಡು ಬಂದಿರಲೂಬಹುದು. ಕನ್ನಡದಲ್ಲಿ 'ಇರಬೇಕು' ಅಂದ ಕೂಡಲೇ ಕಿವಿಗೆ ಕೇಳುವುದು 'ಬಹುಶಃ ಹೌದು' ಅಂತ. ಇಂಗ್ಲಿಷಿನವರೂ ಮನೆಮಾತಿನಲ್ಲಿ 'ಮಸ್ಟ್' ಅನ್ನು ಹಾಗೇ ಬಳಸುತ್ತಾರೆ. ಆದರೆ ತರ್ಕದ ಪುಸ್ತಕದಲ್ಲಿ ಆ ಸಡಿಲ ಇಲ್ಲ. ಅಲ್ಲಿ ಅದರ ಅರ್ಥ, ಆಧಾರಗಳನ್ನು ಒಪ್ಪಿದ ಮೇಲೆ ತೀರ್ಮಾನ ಸುಳ್ಳಾಗಲು ದಾರಿಯೇ ಇಲ್ಲ ಅಂತ. ನೀವು 'ನಿಜವಾಗಿರಲೇಬೇಕು' ಅಂತ ಬರೆದುಕೊಂಡಿದ್ದರೆ ಮುಂದಿನ ಪುಟ ತಾನಾಗಿಯೇ ಬಿಡಿಸಿಕೊಳ್ಳುತ್ತಿತ್ತು. 'ಬೇಕು'ಗೂ 'ಲೇಬೇಕು'ಗೂ ನಡುವೆ ಇರುವ ಆ ಒಂದು 'ಏ' ಇದೆಯಲ್ಲ, ತರ್ಕಶಾಸ್ತ್ರದ ಅರ್ಧ ಭಾಗ ಅದರ ಮೇಲೆ ನಿಂತಿದೆ. ಚಪ್ಪಲಿ ನೋಡಿ ಅಪ್ಪ ಬಂದಿರಬೇಕು ಅನ್ನುವುದು ನಿಮ್ಮ ಪುಸ್ತಕ ಹೇಳುವ ಸಂಭವದ ತೀರ್ಮಾನ. ಎಲ್ಲ ಮನುಷ್ಯರೂ ಸಾಯುತ್ತಾರೆ, ಸಾಕ್ರಟಿಸ್ ಮನುಷ್ಯ, ಹಾಗಾದರೆ ಸಾಕ್ರಟಿಸ್ ಸಾಯಲೇಬೇಕು ಅನ್ನುವುದು ಇನ್ನೊಂದು.

ಅಂದರೆ ಕನ್ನಡದಲ್ಲಿ ಯೋಚಿಸಿದ್ದು ನಿಮ್ಮ ತಪ್ಪಲ್ಲ. ಕನ್ನಡವನ್ನು ಪೂರ್ತಿ ಬಳಸಿಕೊಳ್ಳದೆ ಬಿಟ್ಟಿರಿ, ಅಷ್ಟೇ. ಇಂಗ್ಲಿಷಿನಲ್ಲಿ ಯೋಚಿಸಲು ಬರದಿದ್ದರೆ ಫಿಲಾಸಫಿ ಬೇಡ ಅಂದವರ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಆ ಇಂಗ್ಲಿಷ್ ಪದಗಳೇ ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿ ಇರಲಿಲ್ಲ. 'ಕ್ವಾಲಿಟಿ' ಅನ್ನುವ ಮಾಮೂಲಿ ಪದವನ್ನೇ ತಗೊಳ್ಳಿ. 'ಎಂಥದ್ದು' ಅನ್ನುವ ಗ್ರೀಕ್ ಪ್ರಶ್ನೆಯಿಂದ ಪ್ಲೇಟೋ 'ಎಂಥದ್ದುತನ' ಅನ್ನುವ ಥರದ ಒಂದು ಹೊಸ ಪದ ಮಾಡುತ್ತಾನೆ. ಈ ಪದ ನಿನಗೆ ವಿಚಿತ್ರ ಅನಿಸಬಹುದು ಅಂತ ಸಾಕ್ರಟಿಸ್ ಕೈಯಲ್ಲಿ ಅಲ್ಲೇ ಹೇಳಿಸುತ್ತಾನೆ. ಕ್ರಿ.ಪೂ. 1ನೇ ಶತಮಾನದಲ್ಲಿ ಸಿಸೆರೋ ಅದನ್ನು ನೋಡಿ ಲ್ಯಾಟಿನ್‌ನಲ್ಲಿ 'ಕ್ವಾಲಿಟಾಸ್' ಅಂತ ಕಟ್ಟಿದ. ಇಂಗ್ಲಿಷಿಗೆ ಅದು ಬಂದಿದ್ದು ಆಮೇಲೆ, ಫ್ರೆಂಚ್ ಮೂಲಕ. ಇವತ್ತು ಅದು ತರಕಾರಿ ಅಂಗಡಿಯಲ್ಲೂ ಓಡಾಡುತ್ತಿದೆ.

ಇಂಥ ಕಟ್ಟಿದ ಪದಗಳ ಬಗ್ಗೆ ನೀವು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 'ಎಪಿಸ್ಟೆಮಾಲಜಿ' ನೋಡಲು ಭಯ ಹುಟ್ಟಿಸುತ್ತದೆ, ಆದರೆ ಅದಕ್ಕಿರುವುದು ಒಂದೇ ಕೆಲಸ. 1854ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫೆರಿಯರ್ ಅದನ್ನು ಇಂಗ್ಲಿಷಿನಲ್ಲಿ ಬಳಕೆಗೆ ತಂದರು. ಜ್ಞಾನ ಅಂದರೇನು, ಅದು ಹೇಗೆ ಬರುತ್ತದೆ ಅನ್ನುವ ವಿಚಾರ, ಅಷ್ಟೇ. ಅವರೇ ಅಜ್ಞಾನದ ವಿಚಾರಕ್ಕೂ ಒಂದು ಪದ ಕಟ್ಟಿದ್ದರು, 'ಆಗ್ನಾಯಾಲಜಿ' ಅಂತ. ಅದು ಬಳಕೆಗೆ ಬರಲೇ ಇಲ್ಲ. ಇಂಥ ಪದಗಳು ರಸಾಯನಶಾಸ್ತ್ರದ ಹೆಸರುಗಳ ಹಾಗೆ. ಒಂದು ಸಲ ತಿಳಿದರೆ ಮುಗಿಯಿತು. ನಿಮ್ಮ ಗೆಳತಿಯ ಪಟ್ಟಿಯಲ್ಲಿ ಇಂಥವೇ ತುಂಬಿರುತ್ತವೆ, ಅದಕ್ಕೇ ಅದರಿಂದ ಆಗುವ ಲಾಭ ಕಡಿಮೆ.

ನಿಜವಾದ ಕಷ್ಟ 'ವ್ಯಾಲಿಡ್' ಥರದ್ದು. ಟಿಕೆಟ್ ವ್ಯಾಲಿಡ್, ಪಾಸ್‌ಪೋರ್ಟ್ ವ್ಯಾಲಿಡ್, 'ದಟ್ಸ್ ಎ ವ್ಯಾಲಿಡ್ ಪಾಯಿಂಟ್', ಇವೆಲ್ಲ ಕೇಳಿ ಕೇಳಿ ಅದಕ್ಕೆ 'ಸರಿಯಾದದ್ದು' ಅಂತ ಮನಸ್ಸು ಅರ್ಥ ಕೊಟ್ಟುಬಿಟ್ಟಿರುತ್ತದೆ. ತರ್ಕದಲ್ಲಿ ಅದು ವಾದದ ಕಟ್ಟಡದ ಬಗ್ಗೆ ಹೇಳುವ ಮಾತು, ಕಟ್ಟಿದ ಇಟ್ಟಿಗೆಯ ಬಗ್ಗೆ ಅಲ್ಲ. ಎಲ್ಲ ಹಸುಗಳೂ ಹಾರುತ್ತವೆ, ಗೌರಿ ಹಸು, ಆದ್ದರಿಂದ ಗೌರಿ ಹಾರುತ್ತಾಳೆ. ಈ ವಾದ ಪೂರ್ತಿ ವ್ಯಾಲಿಡ್. ಮೊದಲ ಎರಡು ಮಾತು ನಿಜವಾಗಿದ್ದರೆ ಮೂರನೆಯದು ಸುಳ್ಳಾಗಲು ಸಾಧ್ಯವಿಲ್ಲ, ಅಲ್ವಾ? ಮೊದಲನೆಯದು ಸುಳ್ಳು ಅನ್ನುವುದು ಬೇರೆ ದೂರು. ಕಟ್ಟಡವೂ ಗಟ್ಟಿ, ಆಧಾರಗಳೂ ನಿಜ ಇದ್ದಾಗ ಮಾತ್ರ ಅದನ್ನು 'ಸೌಂಡ್' ಅನ್ನುತ್ತಾರೆ. ಈ ಎರಡನ್ನೂ ಬೆರೆಸಿ ಬರೆದ ಉತ್ತರ ಮೊದಲ ಸಾಲಿನಲ್ಲೇ ನೆಲಕಚ್ಚುತ್ತದೆ, ಆಮೇಲೆ ಎಷ್ಟು ಚೆಂದದ ಇಂಗ್ಲಿಷ್ ಇದ್ದರೂ ಉಪಯೋಗವಿಲ್ಲ. 'ಆರ್ಗ್ಯುಮೆಂಟ್' ಕೂಡ ಹಾಗೇ. ಮನೆಯಲ್ಲಿ ಅದು ಜಗಳ. ಇಲ್ಲಿ ಅದು ಆಧಾರ ಮತ್ತು ತೀರ್ಮಾನದ ಜೋಡಣೆ. ಒಬ್ಬರೇ ಕೂತು ಮಾಡಬಹುದು, ಸಿಟ್ಟು ಬೇಕಿಲ್ಲ.

'ಓನ್ಲಿ ಇಫ್' ಇನ್ನೊಂದು. ಹಾಜರಾತಿ ಶೇಕಡಾ 75 ಇದ್ದರೆ ಮಾತ್ರ ಪರೀಕ್ಷೆಗೆ ಕೂಡಿಸುತ್ತಾರೆ ಅಂತ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರಲ್ಲ, ಅದೇ ಇದು. ಹಾಜರಾತಿ ಇದೆ ಅಂದಮಾತ್ರಕ್ಕೆ ಕೂಡಿಸಿಯೇ ಬಿಡುತ್ತಾರೆ ಅಂತಲ್ಲ, ಫೀಸೂ ಕಟ್ಟಿರಬೇಕು. ಹಾಜರಾತಿ ಇಲ್ಲದಿದ್ದರಂತೂ ಖಂಡಿತ ಕೂಡಿಸುವುದಿಲ್ಲ. ಇದನ್ನೇ ಅವರು 'ನೆಸೆಸರಿ ಕಂಡಿಷನ್' ಅನ್ನುವುದು. ಕನ್ನಡದಲ್ಲಿ ನಾವು ಷರತ್ತನ್ನು ಮೊದಲು ಹೇಳಿ ಆಮೇಲೆ ಫಲ ಹೇಳುತ್ತೇವೆ. ಇಂಗ್ಲಿಷ್ ವಾಕ್ಯದಲ್ಲಿ ಫಲ ಮೊದಲು ಬಂದು 'ಓನ್ಲಿ ಇಫ್' ನಡುವೆ ಕೂರುತ್ತದೆ. ಅವಸರದಲ್ಲಿ ಓದಿದರೆ ತಲೆಕೆಳಗಾಗುವುದು ಇಲ್ಲೇ. ಎಂ.ಎ. ಓದುವವರೂ ಇಲ್ಲಿ ಎಡವಿದ್ದನ್ನು ನೋಡಿದ್ದೇನೆ.

'ನೆಸೆಸರಿ'ಗೆ ಇನ್ನೊಂದು ಮುಖವೂ ಇದೆ. 'ನೆಸೆಸರಿ ಟ್ರುತ್' ಅಂದಾಗ ಅದು 'ಅಗತ್ಯ ಸತ್ಯ' ಅಂತಾಗಿ ಯಾರಿಗೋ ಬೇಕಾದ ಸತ್ಯ ಅನಿಸುತ್ತದೆ. ಹಾಗಲ್ಲ. ಬೇರೆ ರೀತಿ ಇರಲು ಸಾಧ್ಯವೇ ಇಲ್ಲದ ಸತ್ಯ ಅದು. ಎರಡಕ್ಕೆ ಎರಡು ಕೂಡಿದರೆ ನಾಲ್ಕು ಅನ್ನುವ ಹಾಗೆ. ಬೆಂಗಳೂರು ಕರ್ನಾಟಕದ ರಾಜಧಾನಿ ಅನ್ನುವುದೂ ನಿಜವೇ, ಆದರೆ ಬೇರೆ ಊರು ಆಗಬಹುದಿತ್ತು. ಇಂಥದ್ದಕ್ಕೆ 'ಕಂಟಿಂಜೆಂಟ್' ಅನ್ನುತ್ತಾರೆ. ಇದರ ಪಕ್ಕದಲ್ಲೇ 'ಎ ಪ್ರಯೋರಿ' ಬರುತ್ತದೆ. ಅನುಭವದ ಸಾಕ್ಷಿ ಕೇಳದೆ ತಿಳಿಯುವಂಥದ್ದು ಅಂತ ಅದರ ಅರ್ಥ. 'ನೆಸೆಸರಿ' ಅನ್ನುವುದು ವಿಷಯ ಹೇಗಿದೆ ಅನ್ನುವುದರ ಬಗ್ಗೆ, 'ಎ ಪ್ರಯೋರಿ' ಅನ್ನುವುದು ನಮಗೆ ಅದು ಹೇಗೆ ತಿಳಿಯಿತು ಅನ್ನುವುದರ ಬಗ್ಗೆ. 18ನೇ ಶತಮಾನದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕಾಲದಿಂದ ಈ ಎರಡನ್ನೂ ಹೆಚ್ಚುಕಡಿಮೆ ಜೋಡಿಯಾಗಿಯೇ ನೋಡುತ್ತಿದ್ದರು. 1970ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅಮೆರಿಕದ ತತ್ತ್ವಜ್ಞಾನಿ ಸಾಲ್ ಕ್ರಿಪ್ಕಿ ಅವನ್ನು ಬಿಡಿಸಿ ತೋರಿಸಿದರು. ನೀರು ಅಂದರೆ ಎಚ್‌ಟುಒ ಅನ್ನುವುದನ್ನು ನಾವು ಪ್ರಯೋಗ ಮಾಡಿಯೇ ತಿಳಿದದ್ದು, ಆದರೂ ನೀರು ಬೇರೇನೋ ಆಗಿರಲು ಸಾಧ್ಯವಿರಲಿಲ್ಲ ಅನ್ನುವುದು ಅವರ ವಾದ. ಅಷ್ಟು ದೊಡ್ಡ ಪಂಡಿತರೇ ಎರಡು ಶತಮಾನ ಒಟ್ಟಿಗೆ ಕಟ್ಟಿಟ್ಟ ಪದಗಳು ಇವು. ನಿಮಗೆ ಒಂದು ವಾರ ಹಿಡಿದರೆ ಬೇಜಾರು ಬೇಡ.

ಈ ಕಷ್ಟಕ್ಕೆ ಇರುವ ಇನ್ನೊಂದು ಕಾರಣವನ್ನು ಕೋಚಿಂಗ್ ನೋಟ್ಸುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದೇ ಪದ ಲೇಖಕರಿಂದ ಲೇಖಕರಿಗೆ ಬದಲಾಗುತ್ತದೆ. ನಿಮ್ಮ ಸಿಲಬಸ್ಸಿನಲ್ಲೇ 'ಐಡಿಯಾ' ಮೂರು ವೇಷದಲ್ಲಿ ಬರುತ್ತದೆ. ಪ್ಲೇಟೋಗೆ ಅದು ಯಾರ ತಲೆಯೊಳಗೂ ಇಲ್ಲದ, ಬದಲಾಗದ ಮೂಲರೂಪ. 17ನೇ ಶತಮಾನದ ಲಾಕ್‌ಗೆ ಅದು ಮನಸ್ಸಿನ ಮುಂದೆ ಬರುವ ಯಾವುದೇ ವಿಷಯ. ಹ್ಯೂಮ್‌ಗೆ ಅದು ಅನುಭವದ ಮಸುಕು ಪ್ರತಿ: ಒಲೆ ಮುಟ್ಟಿ ಬೆರಳು ಸುಟ್ಟಾಗಿನ ಉರಿ 'ಇಂಪ್ರೆಷನ್', ನಾಳೆ ಅದನ್ನು ನೆನೆದುಕೊಂಡರೆ 'ಐಡಿಯಾ'. 'ಆಬ್ಜೆಕ್ಟಿವ್' ಇನ್ನೂ ವಿಚಿತ್ರ. 1641ರಲ್ಲಿ ಡೆಕಾರ್ಟ್ ಬರೆಯುವಾಗ ಒಂದು ವಸ್ತು ನಮ್ಮ ಮನಸ್ಸಿನಲ್ಲಿ ಚಿತ್ರವಾಗಿ ಇರುವ ಬಗೆಗೆ ಆ ಪದ ಬಳಸುತ್ತಾನೆ. ಇವತ್ತಿನ ಬಳಕೆಗೆ ಹೆಚ್ಚುಕಡಿಮೆ ಉಲ್ಟಾ. 'ಡಿಆಂಟಾಲಜಿ', ಅಂದರೆ ಫಲಕ್ಕಿಂತ ಕರ್ತವ್ಯವೇ ಮುಖ್ಯ ಅನ್ನುವ ನೀತಿವಿಚಾರ, ನಿಮಗೆ ಜಿಎಸ್ (ಸಾಮಾನ್ಯ ಅಧ್ಯಯನ) ನಾಲ್ಕನೇ ಪೇಪರ್‌ಗೂ ಬೇಕಾಗುತ್ತದೆ. ಆ ಪದವನ್ನು ಕಟ್ಟಿದ್ದು ಬೆಂತಮ್, ಕೆಲಸದ ಫಲ ನೋಡಿಯೇ ಸರಿ ತಪ್ಪು ಹೇಳಬೇಕು ಅಂದವನು. ಈಗ ಅದು ಬೆಂತಮ್ ಪಂಥವನ್ನು ಒಪ್ಪದವರ ಹೆಸರಾಗಿದೆ.

ಇನ್ನು ಡಿಕ್ಷನರಿಯ ವಿಷಯ. ಇಂಗ್ಲಿಷ್-ಕನ್ನಡ ನಿಘಂಟು ನಿಮಗೆ ಒಳ್ಳೆಯ ಪದವನ್ನೇ ಕೊಡುತ್ತದೆ. ಆದರೆ ಆ ಕನ್ನಡ ಪದಕ್ಕೂ ಮನೆಯಲ್ಲಿ ಬೇರೆ ಕೆಲಸ ಇರುತ್ತದೆ. ನಾನು ಪಾಠ ಶುರು ಮಾಡಿದ ಮೊದಲ ವರ್ಷ 'ಇನ್‌ಫರೆನ್ಸ್' ಅಂದರೆ 'ಅನುಮಾನ' ಅಂತ ಬೋರ್ಡಿನ ಮೇಲೆ ಬರೆದೆ. ನಮ್ಮ ದೇಶದ ಹಳೆಯ ತರ್ಕಪಂಥವಾದ ನ್ಯಾಯದರ್ಶನದ ಉದಾಹರಣೆಯನ್ನೇ ಕೊಟ್ಟೆ. ಬೆಟ್ಟದ ಮೇಲೆ ಹೊಗೆ ಇದೆ, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ, ಆದ್ದರಿಂದ ಬೆಟ್ಟದ ಮೇಲೆ ಬೆಂಕಿ ಇದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, 'ಸರ್, ಹೊಗೆ ಕಂಡ ಮೇಲೆ ಇನ್ನೇನು ಅನುಮಾನ?' ಅಂತ ಕೇಳಿದ. ಅವನು ತಮಾಷೆ ಮಾಡಲಿಲ್ಲ. ಅವನಿಗೆ ಅನುಮಾನ ಅಂದರೆ ಸಂಶಯ. ನಾನು ಅರ್ಧ ಗಂಟೆಯಿಂದ ಖಚಿತವಾಗಿ ತಿಳಿಯುವ ದಾರಿಯ ಬಗ್ಗೆ ಹೇಳುತ್ತಿದ್ದೆ, ಅವನು ಸಂಶಯದ ಬಗ್ಗೆ ಕೇಳಿಸಿಕೊಳ್ಳುತ್ತಿದ್ದ. ಆವತ್ತಿನಿಂದ ನಾನು ಯಾವ ಪದವನ್ನೂ ಬರೀ ಪದದಿಂದ ಹೇಳಿಕೊಡುವುದನ್ನು ಬಿಟ್ಟೆ.

ಇಂಥವು ಇನ್ನೂ ಇವೆ. 'ರೆಫ್ಯೂಟ್'ಗೆ 'ಖಂಡಿಸು' ಅಂತ ಕೊಡುತ್ತಾರೆ. ಶಾಸ್ತ್ರದಲ್ಲಿ ಅದು ಸರಿ, ಆದರೆ ಪೇಪರ್‌ನಲ್ಲಿ 'ಘಟನೆಯನ್ನು ಖಂಡಿಸಿದರು' ಅಂದರೆ ಬೈದರು ಅಂತ. 'ರೆಫ್ಯೂಟ್' ಅಂದರೆ ಸುಳ್ಳು ಅಂತ ಕಾರಣ ಕೊಟ್ಟು ತೋರಿಸುವುದು. ಬೈದರೆ ಆಗಲಿಲ್ಲ, ಒಪ್ಪುವುದಿಲ್ಲ ಅಂದರೂ ಆಗಲಿಲ್ಲ. 'ರ‍್ಯಾಷನಲಿಸಂ'ಗೆ 'ವಿಚಾರವಾದ' ಅಂದರೆ, ನಮ್ಮ ಕಡೆ ವಿಚಾರವಾದಿ ಅಂದರೆ ದೇವರು, ಮೂಢನಂಬಿಕೆ ಪ್ರಶ್ನಿಸುವವರು. ಆದರೆ ಡೆಕಾರ್ಟ್, ಸ್ಪಿನೋಜಾ, ಲೈಬ್ನಿಟ್ಸ್ ಮೂವರ ದರ್ಶನದಲ್ಲೂ ದೇವರಿಗೆ ದೊಡ್ಡ ಜಾಗವೇ ಇದೆ. ಅಲ್ಲಿ ಆ ಪದ ಹೇಳುವುದು ಜ್ಞಾನದ ಬೇರು ಬುದ್ಧಿಯಲ್ಲಿದೆ, ಇಂದ್ರಿಯಗಳಲ್ಲಿ ಅಲ್ಲ ಅಂತ. ಸರಿ, 'ಬುದ್ಧಿವಾದ' ಅನ್ನೋಣ ಅಂದರೆ ಅದು ಹಿರಿಯರು ಮಕ್ಕಳಿಗೆ ಹೇಳುವ ಮಾತಾಗುತ್ತದೆ! 'ಐಡಿಯಲಿಸಂ'ಗೆ 'ಆದರ್ಶವಾದ' ಅಂತ ಓದಿ, 1710ರಲ್ಲಿ ಬರ್ಕ್ಲಿ ಏನೋ ಒಳ್ಳೆಯ ಜೀವನದ ಬಗ್ಗೆ ಬರೆದಿದ್ದಾನೆ ಅಂದುಕೊಂಡವರು ಎಷ್ಟೋ ಜನ. ಅವನು ಹೇಳಿದ್ದು ವಸ್ತುಗಳು ಮನಸ್ಸಿನ ಐಡಿಯಾಗಳಾಗಿ ಮಾತ್ರ ಇವೆ ಅಂತ. ಕಾಂಟ್‌ನ 'ಇಂಟ್ಯೂಷನ್' ಕೂಡ ಹೀಗೇ ಕೈಕೊಡುತ್ತದೆ. 'ಅಂತಃಪ್ರಜ್ಞೆ' ಅಂತ ಬರೆದುಕೊಂಡರೆ ಆರನೇ ಇಂದ್ರಿಯ ಅನಿಸುತ್ತದೆ. ಕಾಂಟ್ ಬಳಸಿದ ಜರ್ಮನ್ ಪದದಲ್ಲಿ ಇರುವುದು 'ನೋಡುವುದು'. ವಸ್ತು ನೇರವಾಗಿ ನಮ್ಮೆದುರು ಬಂದು ನಿಲ್ಲುವ ಬಗೆ. ದೇಶ (ಸ್ಪೇಸ್, ಅಂದರೆ ವಸ್ತುಗಳಿರುವ ಜಾಗ) ಮತ್ತು ಕಾಲ ಆ ನೋಟದ ಚೌಕಟ್ಟುಗಳು ಅಂತ ಅವನು ಹೇಳುತ್ತಾನೆ.

ಹಾಗಾದರೆ ಏನು ಮಾಡಬೇಕು? ಬಾಯಿಪಾಠದ ಪಟ್ಟಿ ಬಿಡಿ. ಒಂದು ನೋಟ್‌ಬುಕ್ ಇಡಿ, ಅದರಲ್ಲಿ ಪದದ ಎದುರು ಪದ ಬರೆಯಬೇಡಿ. ಆ ಪದ ಬಂದ ಇಡೀ ವಾಕ್ಯ, ಬರೆದವರ ಹೆಸರು, ನಿಮ್ಮ ಮಾತಿನಲ್ಲಿ ಒಂದು ಕನ್ನಡ ವಾಕ್ಯ, ಜೊತೆಗೆ ನಿಮ್ಮ ಊರಿನದೇ ಒಂದು ಉದಾಹರಣೆ ಬರೆಯಿರಿ. ನನ್ನ ವಿದ್ಯಾರ್ಥಿನಿಯೊಬ್ಬಳು 'ಸಫಿಷಿಯೆಂಟ್'ಗೆ ಹೀಗೆ ಬರೆದುಕೊಂಡಿದ್ದಳು: 'ತುಂಬಿದ ಬಾವಿಗೆ ಬಿದ್ದರೆ ಒದ್ದೆಯಾಗಲು ಸಾಕು. ಒದ್ದೆಯಾಗಲು ಬಾವಿಯೇ ಬೇಕಿಲ್ಲ, ಮಳೆಯೂ ಆಗುತ್ತದೆ.' ಯಾವ ಪಠ್ಯಪುಸ್ತಕದಲ್ಲೂ ನಾನು ಇದಕ್ಕಿಂತ ಒಳ್ಳೆಯ ವಿವರಣೆ ಓದಿಲ್ಲ. ದಿನಕ್ಕೆ ಎರಡು ಪದ ಸಾಕು. ಅಂತರ್ಜಾಲದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಶ್ವಕೋಶ ಉಚಿತವಾಗಿ ಸಿಗುತ್ತದೆ. ಬಹಳ ಒಳ್ಳೆಯದು, ಆದರೆ ಲೇಖನಗಳು ಉದ್ದ, ಮುಂದೆ ಹೋದಂತೆ ಗಡುಸು. ಸದ್ಯಕ್ಕೆ ಪ್ರತಿ ಲೇಖನದ ಪೀಠಿಕೆ ಮಾತ್ರ ಓದಿ ನಿಲ್ಲಿಸಿ.

ಕನ್ನಡದಲ್ಲಿ ಬರೆಯಬಹುದೇ ಅಂದರೆ, ಬರೆಯಬಹುದು. ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಮೇನ್ಸ್ (ಮುಖ್ಯ ಪರೀಕ್ಷೆ) ಉತ್ತರ ಬರೆಯಲು ಅವಕಾಶ ಇದೆ. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಅಂದರೆ ಕನ್ನಡದಲ್ಲಿ ಬರೆದರೂ ಆ ಸಣ್ಣ ಪದಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ಅಪಾಯ, ನೀವು ಬಳಸುವ ಕನ್ನಡ ಪದ ಮೌಲ್ಯಮಾಪಕರು ಓದಿದ ಪುಸ್ತಕದಲ್ಲಿ ಬೇರೆ ಇರಬಹುದು. ಅದಕ್ಕೇ ತಾಂತ್ರಿಕ ಪದದ ಪಕ್ಕ ಆವರಣದಲ್ಲಿ ಅದರ ಇಂಗ್ಲಿಷ್ ರೂಪ ಬರೆಯಲು ನಿಯಮದಲ್ಲೇ ಅವಕಾಶ ಕೊಟ್ಟಿದ್ದಾರೆ. ತಾಂತ್ರಿಕ ಪದಕ್ಕೆ ಮಾತ್ರ, ನೆನಪಿಡಿ. ಇಡೀ ಸಾಲುಗಳನ್ನು ಇಂಗ್ಲಿಷಿನಲ್ಲಿ ತುರುಕಿದರೆ ಅಂಕ ಕಡಿಯುತ್ತಾರೆ, ಅತಿಯಾದರೆ ಪತ್ರಿಕೆಯನ್ನೇ ನೋಡದಿರಬಹುದು. ಅರ್ಜಿ ಹಾಕುವಾಗ ಆ ವರ್ಷದ ಅಧಿಸೂಚನೆಯಲ್ಲಿ ಈ ಭಾಗವನ್ನು ನೀವೇ ಓದಿಕೊಳ್ಳಿ.

ಇಂಗ್ಲಿಷಿನಲ್ಲಿ ಬರೆಯುವುದಾದರೆ ಅದಕ್ಕೂ ಹೆದರಬೇಕಿಲ್ಲ. ಜಿ.ಇ. ಮೂರ್ ನಿಮ್ಮ ಸಿಲಬಸ್ಸಿನಲ್ಲಿದ್ದಾರೆ. 1939ರ ಒಂದು ಉಪನ್ಯಾಸದಲ್ಲಿ ಅವರು ಎರಡೂ ಕೈ ಎತ್ತಿ ತೋರಿಸಿ, ಇಗೋ ಒಂದು ಕೈ, ಇಗೋ ಇನ್ನೊಂದು, ಆದ್ದರಿಂದ ಹೊರಜಗತ್ತು ಇದೆ ಅಂತ ವಾದಿಸಿದರು. ಮಗುವಿಗೂ ಗೊತ್ತಿರುವ ಪದಗಳು. ಅದರ ಮೇಲೆ ಇವತ್ತಿಗೂ ಚರ್ಚೆ ನಡೆದಿದೆ, ಯಾಕೆಂದರೆ 'ನನಗೆ ಗೊತ್ತು' ಅನ್ನುವ ಒಂದು ಮಾತು ಅಲ್ಲಿ ಅಷ್ಟು ಭಾರ ಹೊತ್ತಿದೆ. ಚಿಕ್ಕ ವಾಕ್ಯ ಬರೆಯುವ ಇಂಗ್ಲಿಷ್ ನಿಮ್ಮಲ್ಲಿ ಇದೆ ಅಂದರೆ ಸಾಕು. ಅಪಾಯ ಬೇರೆ ಕಡೆ ಇದೆ. ಭಾಷೆ ಸರಿಮಾಡಿಕೊಳ್ಳಲು ಹೋಗಿ ವಾದ ಅಭ್ಯಾಸ ಮಾಡುವ ಸಮಯ ಕಳೆದುಹೋಗುತ್ತದೆ. ಮೇನ್ಸಿಗೆ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ನಾನು ನಿಮಗೆ ಕನ್ನಡವನ್ನೇ ಸೂಚಿಸುತ್ತೇನೆ.

ವಿಷಯ ಬದಲಿಸುವ ಮಾತನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಅಷ್ಟರಲ್ಲಿ ಆ ನೋಟ್‌ಬುಕ್ಕಿನಲ್ಲಿ 60 ಪದ ಆಗಿರುತ್ತದೆ. ಆಮೇಲೆ ಹಳೆಯ ಒಂದು ಪ್ರಶ್ನೆಪತ್ರಿಕೆ ತೆಗೆದು ಉತ್ತರ ಬರೆಯಲು ಹೋಗದೆ, ಪ್ರತಿ ಪ್ರಶ್ನೆಯಲ್ಲೂ ಸಣ್ಣ ಪದಗಳ ಕೆಳಗೆ ಗೆರೆ ಎಳೆಯಿರಿ. 'ಕ್ರಿಟಿಕಲಿ ಎಕ್ಸಾಮಿನ್' ಇದ್ದರೆ ಅದು ಟೀಕೆ ಮಾಡಿ ಅಂತ ಕೇಳುತ್ತಿಲ್ಲ, ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅಂತ ತೂಗಿ ನೋಡಿ ಅಂತ ಕೇಳುತ್ತಿದೆ. ಹೀಗೆ ಪ್ರತಿ ಪ್ರಶ್ನೆಯನ್ನೂ ನಿಮ್ಮ ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಹತ್ತರಲ್ಲಿ ಆರು ಪ್ರಶ್ನೆ ಏನು ಕೇಳುತ್ತಿದೆ ಅಂತ ಸ್ಪಷ್ಟವಾದರೆ ಮುಂದುವರಿಯಿರಿ. ಮೂರು ದಾಟದಿದ್ದರೆ, ಅಥವಾ ಅಷ್ಟು ದಿನದಲ್ಲಿ ಒಮ್ಮೆಯೂ ಓದಲು ಖುಷಿ ಅನಿಸದಿದ್ದರೆ, ಆಗ ಬೇರೆ ವಿಷಯ ನೋಡಿ. ನಡುವೆ ಎಲ್ಲೋ ನಿಂತರೆ ಸಿಕ್ಕಿಹಾಕಿಕೊಂಡ ವಾಕ್ಯಗಳನ್ನು ಹಾಗೇ ಎತ್ತಿ ಬರೆದು ಕಳಿಸಿ, ಈ ಸಲ ಕಳಿಸಿದ ಹಾಗೆ, ನೀವು ಬರೆದುಕೊಂಡ ಕನ್ನಡದ ಜೊತೆಗೇ.